ತಾಟಿನಲ್ಲಿ ಹೋದ ಇಡೀ ಅಡಿಕೆ

ಒದ್ದೆ ಗೋಣಿಚೀಲದ ಕೆಳಗೆ ಒತ್ತೊತ್ತಾಗಿ ಜೋಡಿಸಿಟ್ಟ ವೀಳ್ಯದೆಲೆಗೆ ಬೇರೆಯೇ ಒಂದು ವಾಸನೆ. ಎಳೆ ಖಾರ, ನೆರಳಿನ ಮಣ್ಣು, ಬಾಳೆಯ ನಾರು ಮೂರೂ ಕೂಡಿದ್ದು. ಮೊನ್ನೆ ಶಿಗ್ಗಾವಿಯ ಬಸ್ ನಿಲ್ದಾಣದಲ್ಲಿ ಮುದುಕಿಯೊಬ್ಬಳು ಬುಟ್ಟಿಯ ಮೇಲಿನ ಗೋಣಿ ಸರಿಸಿ ಕೈಯಿಂದ ನೀರು ಚಿಮುಕಿಸಿದಾಗ ಆ ವಾಸನೆ ಎದ್ದು ಬಂತು. ನಾನು ಹತ್ತಬೇಕಾಗಿದ್ದ ಬಸ್ಸು ಕಣ್ಣ ಮುಂದೆಯೇ ಹೊರಟುಹೋಯಿತು; ನಾನು ಮಾತ್ರ ಸವಣೂರಿನ ನಮ್ಮ ಮನೆಯ ಹಿತ್ತಲ ಬಾಗಿಲಲ್ಲಿ ನಿಂತಿದ್ದೆ. ಬಾಗಿಲಿನಾಚೆ ಚೊಗಚೆ, ನುಗ್ಗೆ ಗಿಡಗಳಿಗೆ ಹಬ್ಬಿದ ಎಲೆಬಳ್ಳಿ. ನಡುಬೇಸಿಗೆಯಲ್ಲೂ ಅಲ್ಲಿ ಕಾಲಡಿ ತಣ್ಣಗೆ. ಸಾಲಿನ ಕೊನೆಯಲ್ಲಿ ಹೆಬ್ಬೆರಳಿಗೆ ಕಬ್ಬಿಣದ ಉಗುರು ತೊಟ್ಟು ಚಿಟ್ ಚಿಟ್ ಎಂದು ಎಲೆ ಚಿವುಟುತ್ತಿದ್ದ ನೀಲಕ್ಕ. ನಿಮಗೂ ಇಂಥದೊಂದು ಬಾಗಿಲು ಇದ್ದೀತು, ಈಗ ಅದರ ಹಿಂದೆ ಏನೂ ಉಳಿದಿರದ ಬಾಗಿಲು.

ನೀಲಕ್ಕ ನನ್ನ ಒಡಹುಟ್ಟಿದ ಅಕ್ಕ, ನನಗಿಂತ ಎರಡೇ ವರ್ಷ ದೊಡ್ಡವಳು. ಎಲೆ ಕೊಯ್ಯುವುದರಲ್ಲಿ ಅವ್ವನನ್ನೂ ಹಿಂದೆ ಹಾಕುತ್ತಿದ್ದಳು. ಕೊಯ್ಯುತ್ತಲೇ ಗಟ್ಟಿಯಾಗಿ ಪಾಠ ಒಪ್ಪಿಸುತ್ತಿದ್ದಳು. ಹೀಗಾಗಿ ಅವಳ ತರಗತಿಯ ನದಿಗಳೂ ರಾಜರೂ ನನಗೆ ಪುಕ್ಕಟೆಯಾಗಿ ಬಾಯಿಪಾಠವಾಗಿದ್ದವು. ಮಲಗುವಾಗ ಅವಳ ಲಂಗದ ಚುಂಗು ಹಿಡಿಯದಿದ್ದರೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಐದನೆಯ ತರಗತಿಯ ಹುಡುಗ ಇದನ್ನು ಹೊರಗೆ ಹೇಳಿಕೊಳ್ಳುವಂತಿರಲಿಲ್ಲ.

ಎಲೆ ಬೆಳೆಯುವ ಮನೆಗೆ ಅದರದೇ ಒಂದು ರೀತಿ ಇತ್ತು. ಬಂದವರ ಮುಂದೆ ಹಿತ್ತಾಳೆಯ ತಾಟಿನಲ್ಲಿ ಎಲೆ, ಕತ್ತರಿಸಿದ ಅಡಿಕೆಯ ಚೂರು ಇಡುವುದು ನೀರು ಕೊಟ್ಟಷ್ಟೇ ಸಹಜ. ಅದಕ್ಕೆ ಬೇರೆ ಅರ್ಥವಿಲ್ಲ. ಆದರೆ ತೊಟ್ಟು ಕೂಡಿಸಿದ ಎರಡು ಎಲೆಯ ಮೇಲೆ ಇಡೀ ಅಡಿಕೆ ಬಂದರೆ ಅದು ವೀಳ್ಯ, ಮಾತು ಕೊಟ್ಟ ಹಾಗೆ. ಹೆಂಗಸರು ಪಡಸಾಲೆಗೆ ಬಂದು ಹೂಂ, ಊಹೂಂ ಎನ್ನುವ ಕಾಲವಲ್ಲ ಅದು. ಅಡಿಗೆಮನೆಯ ಮಾತು ತಾಟಿನಲ್ಲಿ ಬರುತ್ತಿತ್ತು. ಚೂರು ಬಂದರೆ ಇನ್ನೂ ವಿಚಾರ ಮಾಡಿ ಎಂದು, ಇಡೀ ಅಡಿಕೆ ಬಂದರೆ ನಮ್ಮದು ಒಪ್ಪಿಗೆ ಎಂದು. ನೆಂಟರಿಗೆಲ್ಲ ಇದು ಗೊತ್ತಿತ್ತು.

ಆ ವರ್ಷ ಇಮಾಮಸಾಬ ಮಾಸ್ತರರು ನೀಲಕ್ಕನನ್ನು ಶಿಗ್ಗಾವಿಗೆ ಕರೆದೊಯ್ದು ಸರ್ಕಾರದ ವಸತಿ ಶಾಲೆಯ ಆಯ್ಕೆ ಪರೀಕ್ಷೆಗೆ ಕೂರಿಸಿದ್ದರು. ಆ ಶಾಲೆ ಇದ್ದದ್ದು ಮೂರು ಬಸ್ಸು ಬದಲಿಸಬೇಕಾದಷ್ಟು ದೂರ. ಪರೀಕ್ಷೆಯಲ್ಲಿ ಆರಿಸಿ ಬಂದವರಿಗಷ್ಟೇ ಪ್ರವೇಶ. ಊಟ, ವಸತಿ, ಪುಸ್ತಕ ಎಲ್ಲ ಸರ್ಕಾರದ್ದೇ. ಬೇಸಿಗೆಯ ಒಂದು ಮುಂಜಾನೆ ಮಾಸ್ತರರು ಓಣಿಯ ತುದಿಯಿಂದಲೇ ಕಾಗದ ಎತ್ತಿ ಹಿಡಿದು ಕೂಗುತ್ತ ಬಂದರು: "ಬಸಪ್ಪಾ, ನಿನ್ನ ಮಗಳು ಗೆದ್ದಾಳೋ! ನಮ್ಮ ಸಾಲಿಯಿಂದ ಇಕಿ ಒಬ್ಬಾಕಿನ! ಸೋಮವಾರ ಸಹಿ ಮಾಡಿ ಕೊಡು, ನಾನ ಹೋಗಿ ಮುಟ್ಟಿಸಿ ಬರ್ತೇನಿ."

ಅಪ್ಪನಿಗೆ ಸಹಿಯೊಂದನ್ನು ಬಿಟ್ಟು ಅಕ್ಷರ ಬರುತ್ತಿರಲಿಲ್ಲ. ಮೇಲಿನ ಮುದ್ರೆ ನೋಡಿಯೇ ಕಾಗದ ತಲೆಕೆಳಗಾಗದಂತೆ ಹಿಡಿದುಕೊಂಡು ಬಹಳ ಹೊತ್ತು ನಿಂತ. ಅವ್ವ ಬಾಗಿಲ ಮರೆಯಿಂದ ಕೇಳಿದ್ದು ಒಂದೇ ಮಾತು, "ವರ್ಷಕ್ಕ ಎಷ್ಟ ಸಲ ಮನೀಗೆ ಬಿಡ್ತಾರಂತ್ರಿ?" "ಎರಡ ಸಲ," ಎಂದರು ಮಾಸ್ತರರು. ಉಳಿದ ಮಾತೆಲ್ಲ ನನ್ನ ಕಿವಿಗೆ ಬೀಳಲೇ ಇಲ್ಲ.

ಶನಿವಾರ ಮಧ್ಯಾಹ್ನ ಹಾನಗಲ್ಲಿನಿಂದ ಗುರುಸಿದ್ದಪ್ಪ ಮಾವ ಬಂದ. ಅವ್ವನ ಅಣ್ಣ. ಅಲ್ಲಿ ಹೊಸದಾಗಿ ತೆಗೆದ ಖಾಸಗಿ ಹೈಸ್ಕೂಲಿನ ಕಮಿಟಿಯಲ್ಲಿದ್ದ. ಚಪ್ಪಲಿ ಬಿಡುತ್ತಲೇ ಶುರುಮಾಡಿದ, "ಏನಪಾ ಬಸಣ್ಣ, ಹುಡುಗೀನ ಸರ್ಕಾರಕ್ಕ ದಾನಾ ಕೊಡಾಕತ್ತೀಯಂತ?"

ಅಪ್ಪ ನಗಲಿಲ್ಲ. "ಆರಿಸಿ ಬಂದಾಳರಿ."

"ಬಂದಾಳ, ಯಾರ ಇಲ್ಲಂದ್ರು? ಆದ್ರ ಅಲ್ಲೆ ಜ್ವರಾ ಬಂದ್ರ ಹಣಿ ಮುಟ್ಟಿ ನೋಡಾವ್ರು ಯಾರು? ನಮ್ಮ ಸಾಲ್ಯಾಗ ಟೈ ಐತಿ, ಬೂಟು ಐತಿ, ಇಂಗ್ಲಿಷ್ ಕಲಸಾಕ ಬ್ಯಾರೆ ಮಾಸ್ತರ ಅದಾನ. ಇರೂದು ನನ್ನ ಮನ್ಯಾಗ. ನೋಡ್ಬೇಕನಿಸಿದ್ರ ಬಸ್ಸು ಹತ್ತು, ಹೊತ್ತು ಮುಳುಗೂದ್ರಾಗ ಹೊಳ್ಳಿ ಮನೀಗೆ ಬಾ."

"ನಿಮ್ಮ ಸಾಲಿಗೆ ಸರ್ಕಾರದ ಮಾನ್ಯತೆ ಬಂದೇತೇನ್ರಿ?"

"ಬರ್ತೇತಿ ಬಿಡೋ ಮಾರಾಯಾ! ನಾಕ ಹೆಣ್ಮಕ್ಕಳು ಹೆಚ್ಚಾದ್ರ ನಾಳೆನ ಬರ್ತೇತಿ. ಎಲಿ ಬೆಳಿಯಾಂವ ನೋಡು, ಎಲ್ಲಾ ತೊಟ್ಟು ಹಿಡದ ನೋಡೂ ಚಟಾ ನಿನಗ."

ಅಪ್ಪ ಅಡಿಗೆಮನೆಯ ಕಡೆ ನೋಡಿದ. ಒಳಗೆ ಅವ್ವ ತಾಟಿನಲ್ಲಿ ಎರಡು ಎಲೆ ಜೋಡಿಸಿ ಅಡಿಕೆಯ ಚೂರು ಹಾಕುತ್ತಿದ್ದಳು. "ಚೂರು ಇಟ್ಟೇನಿ. ನಿಮ್ಮಪ್ಪ ಸೋಮವಾರದ ಮಟಾ ವಿಚಾರ ಮಾಡ್ಲಿ," ಎಂದು ಒಲೆಯ ಮುಂದಿದ್ದ ನನಗೂ ಪಕ್ಕದ ಬಚ್ಚಲಲ್ಲಿದ್ದ ನೀಲಕ್ಕನಿಗೂ ಕೇಳುವಷ್ಟು ಸಣ್ಣಗೆ ಅಂದು, ನೀರಿಗೆಂದು ಹಿತ್ತಲಿಗೆ ಹೋದಳು. ನೀಲಕ್ಕ ಇನ್ನೂ ಕೈ ತೊಳೆಯುತ್ತಿದ್ದಳು. ಸರ್ಕಾರದ ಶಾಲೆಗೆ ಮೂರು ಬಸ್ಸು, ಹಾನಗಲ್ಲಿಗೆ ಒಂದೇ ಬಸ್ಸು ಎಂಬುದು ನನಗೆ ಗೊತ್ತಿತ್ತು. ದೇವರ ಜಗಲಿಯ ಮೇಲೆ ಹಿಂದಿನ ದಿನದ ಪೂಜೆಯ ಇಡೀ ಅಡಿಕೆಯೊಂದು ಇತ್ತು. ಅದನ್ನು ಎಲೆಯ ಮೇಲಿಟ್ಟೆ, ಚೂರುಗಳನ್ನು ಮುಷ್ಟಿಯೊಳಗೆ ತೆಗೆದುಕೊಂಡೆ. ಅಷ್ಟೇ ಕೆಲಸ.

ನೀಲಕ್ಕ ಬಂದು ತಾಟು ಎತ್ತಿಕೊಂಡಳು. ಹೊಸ್ತಿಲಲ್ಲಿ ಒಂದು ಗಳಿಗೆ ನಿಂತಳು. ಲಂಗ ಕಾಲಿಗೆ ತೊಡರಿರಬೇಕು ಅಂದುಕೊಂಡೆ. ಆಮೇಲೆ ಹೋಗಿ ಮಾವನ ಮುಂದೆ ಇಟ್ಟಳು.

ಮಾವನ ಮುಖ ಅರಳಿತು. "ಆತು ನೋಡಪಾ! ನನ್ನ ತಂಗಿ ಶ್ಯಾಣ್ಯಾಕಿ, ನಿನ್ನಂಗಲ್ಲ!" ಎಂದು ಆ ಅಡಿಕೆಯನ್ನು ಎಲೆಸಮೇತ ಧೋತರದ ಚುಂಗಿಗೆ ಗಂಟು ಹಾಕಿಕೊಂಡೇಬಿಟ್ಟ.

ಮಾವ ಬಸ್ಸಿಗೆ ಹೋದ ಮೇಲೆ ಸಿಡಿಲು ಬಡಿದದ್ದು ಮನೆಯೊಳಗೆ. "ನಾ ಚೂರು ಇಟ್ಟಿದ್ದೆ, ದೇವರಾಣಿ!" ಎಂದಳು ಅವ್ವ. "ಹಂಗಾರ ಅಡಿಕಿಗೆ ಕಾಲು ಬಂದೂವೇನು?" ಎಂದು ಅಪ್ಪ ನಮ್ಮಿಬ್ಬರ ಕಡೆ ತಿರುಗಿದ. ಬೆನ್ನ ಹಿಂದೆ ನನ್ನ ಮುಷ್ಟಿ ಬೆವರಿ ಚೂರುಗಳು ಅಂಟಿಕೊಂಡಿದ್ದವು. ನೀಲಕ್ಕ ನೆಲ ನೋಡುತ್ತಿದ್ದಳು.

"ಈಗರ ಹೋಗಿ ತಪ್ಪಾತು ಅನ್ರಿ. ನಮ್ಮಣ್ಣ ಏನ ಹೊರಗಿನಾಂವಾ?"

"ಯಾರರ ಇಟ್ಟಿರ್ಲಿ. ನಮ್ಮ ಮನಿ ತಾಟಿನಾಗಿಂದ ಹೋಗೇತಿ," ಎಂದ ಅಪ್ಪ. "ಎಲಿ ಬೆಳಿಯಾಂವ ಕೊಟ್ಟ ವೀಳ್ಯ ಹೊಳ್ಳಿ ಕೇಳಿದ್ರ, ನಾಳೆ ನನ್ನ ಎಲಿ ಯಾರು ಮುಟ್ತಾರ?"

ಇಡೀ ಭಾನುವಾರ ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಹೇಳಿಬಿಡಬೇಕೆಂದು ಮೂರು ಸಲ ಅಪ್ಪನ ಹತ್ತಿರ ಹೋದೆ. ಮೂರು ಸಲವೂ "ಏನೋ?" ಎಂದ, ಮೂರು ಸಲವೂ "ಏನಿಲ್ಲ" ಎಂದೆ. ಸೋಮವಾರ ಮಾಸ್ತರರು ಪೆನ್ನು ಬಿಚ್ಚಿಕೊಂಡೇ ಬಂದರು. "ಬ್ಯಾಡ್ರಿ ಮಾಸ್ತರ, ವೀಳ್ಯ ಹೋಗೇತಿ," ಎಂದ ಅಪ್ಪ. ಅವರು ಪೆನ್ನಿನ ಟೊಪ್ಪಿಗೆ ಮುಚ್ಚಿದರು. "ಒಂದ ಅಡಿಕಿಗೆ, ಬಸಪ್ಪಾ?" ಎಂದರು. ಅವತ್ತು ನಮ್ಮ ಮನೆಯ ಎಲೆ ತಿನ್ನದೆ ಹೋದರು.

ನೀಲಕ್ಕ ಹಾನಗಲ್ಲಿನಲ್ಲಿ ಟೈ ಕಟ್ಟಿ ಎರಡು ವರ್ಷ ಓದಿದಳು. ನಾನು ಬಸ್ಸು ಹತ್ತಿ ನೋಡಲು ಹೋದದ್ದು ಎಷ್ಟು ಸಲ ಗೊತ್ತೇ? ನಾಲ್ಕು ಸಲ. ಅವಳು ಬಿಟ್ಟುಹೋದ ಕಬ್ಬಿಣದ ಉಗುರು ನನ್ನ ಹೆಬ್ಬೆರಳಿಗೆ ಬಂದಿತ್ತು, ತೋಟ ಪುರಸೊತ್ತು ಕೊಡುತ್ತಿರಲಿಲ್ಲ. ಮಾವನ ಶಾಲೆಗೆ ಹತ್ತನೆಯ ತರಗತಿಯ ಮಾನ್ಯತೆ ಬರಲೇ ಇಲ್ಲ. ಹುಡುಗಿ ಸುಮ್ಮನೆ ಯಾಕೆ ಕೂಡಬೇಕು ಎಂದು ಮಾವನೇ ಮಾತು ತೆಗೆದ. ಹಿರೇಕೆರೂರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅವನ ದೊಡ್ಡ ಮಗನಿಗೆ ನೀಲಕ್ಕನನ್ನು ಕೊಟ್ಟರು. ಆಗಿನ ತಾಟಿನಲ್ಲಿ ಇಡೀ ಅಡಿಕೆ ಇಟ್ಟವಳು ಅವ್ವನೇ. ನಾನು ಏಳನೆಯದು ಮುಗಿಸಿ ಶಾಲೆಯ ಕಡೆ ಮತ್ತೆ ಹೋಗಲಿಲ್ಲ. ಅದಕ್ಕಾಗಿ ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ. ನಾನು ಕಟ್ಟಿದ ಎಲೆಯ ಪೆಂಡಿ ಯಾವ ಸಂತೆಯಿಂದಲೂ ಹಿಂದಕ್ಕೆ ಬಂದದ್ದಿಲ್ಲ. ತಲೆ ತಗ್ಗುತ್ತಿದ್ದದ್ದು ಒಬ್ಬಳ ಮುಂದೆ ಮಾತ್ರ.

ಅಪ್ಪ, ಅವ್ವ ಹೋದರು. ಬಳ್ಳಿಗೆ ಬೇರುಕೊಳೆ ಬಂದು ತೋಟವೂ ಹೋಯಿತು, ಈಗ ಅಲ್ಲಿ ಮನೆಗಳೆದ್ದಿವೆ. ತೋಟ ಹೋಗುವ ವರ್ಷವೇ, ನೀಲಕ್ಕ ಹಾಸಿಗೆ ಹಿಡಿದಿದ್ದಾಳೆಂದು ಕೇಳಿ ತೋಟದ ಕೊನೆಯ ಎಲೆ ಕೊಯ್ದುಕೊಂಡು ಹಿರೇಕೆರೂರಿಗೆ ಹೋಗಿದ್ದೆ. ಮಂಚದ ಪಕ್ಕ ಕುಳಿತು, ಅಷ್ಟು ವರ್ಷ ಮುಚ್ಚಿಟ್ಟಿದ್ದನ್ನು ಹೇಳಿದೆ. ಅವಳು ಸಿಟ್ಟಾಗಲಿಲ್ಲ.

"ತಾಟು ಒಯ್ದಾಕಿ ನಾನಲ್ಲೇನೋ, ಖೋಡಿ? ನನ್ನ ಕಣ್ಣ ಏನ ಕುರುಡಾಗಿದ್ದೂವಾ?"

"ಮತ್ತ ಯಾಕ ಸುಮ್ಮನಿದ್ದಿ?"

ಅವಳು ಎಲೆಯೊಂದನ್ನು ಎತ್ತಿಕೊಂಡು ಸೆರಗಿಗೆ ಎರಡೂ ಮಗ್ಗಲು ಒರೆಸಿದಳು. "ವರ್ಷಕ್ಕ ಎರಡ ಸಲ ಅಂದಿದ್ರಲ್ಲೋ. ನನಗೂ ಅಂಜಿಕಿ ಬಂದಿತ್ತು. ನೀ ಇಟ್ಟಿ, ನಾ ತಗೀಲಿಲ್ಲ." ಅಡಿಕೆಯ ಚೂರು ಮುಂದೆ ಸರಿಸಿದೆ. ಬೇಡವೆಂದು ಕೈಯಾಡಿಸಿ ಬರೀ ಎಲೆಯನ್ನೇ ಮಡಿಚಿ ಬಾಯಿಗಿಟ್ಟುಕೊಂಡಳು. ಆ ಮಳೆಗಾಲ ಮುಗಿಯುವುದರೊಳಗೆ ಅವಳೂ ಹೋದಳು.

ಶಿಗ್ಗಾವಿಯ ಬಸ್ ನಿಲ್ದಾಣದ ಮುದುಕಿ, ಬುಟ್ಟಿಯನ್ನೇ ನೋಡುತ್ತ ನಿಂತವನನ್ನು ಕಂಡು ಎರಡು ಎಲೆ ತೆಗೆದಳು. "ಅಡಿಕಿ ಬೇಕೇನಪಾ?"

"ಬ್ಯಾಡಬೇ, ಬರೇ ಎಲಿ ಕೊಡು."

ಅಂಗಿಯ ಜೇಬಿಗೆ ಇಟ್ಟುಕೊಂಡೆ. ಮುಂದಿನ ಬಸ್ಸು ಬರುವವರೆಗೂ ಅದರ ತಂಪು ಎದೆಗೆ ತಾಗುತ್ತಿತ್ತು.