ಮೀನೆಣ್ಣೆ ಬಳಿದ ಗಾಡಿ

ಮೊದಲು ಗುರ್ರ್ ಎನ್ನುವ ಶಬ್ದ. ಅದು ನಿಂತ ಮೇಲೆ ಬಹಳ ಸಣ್ಣದಾಗಿ ಸ್ಸ್ ಎಂದು, ಯಾರೋ ಹಲ್ಲಿನ ಸಂದಿಯಿಂದ ಉಸಿರು ಬಿಟ್ಟ ಹಾಗೆ. ನಮ್ಮ ಕಾನ್ವೆಂಟಿನ ಚಾಪೆಲ್‌ನಲ್ಲಿ ಒಂದು ಹಳೆಯ ಹಾರ್ಮೋನಿಯಂ ಇತ್ತು. ಸಿಸ್ಟರ್ ನುಡಿಸುವುದನ್ನು ನಿಲ್ಲಿಸಿದ ಮೇಲೂ ಅದರ ತಿದಿ ಹೀಗೇ ಸುಯ್ಯೆನ್ನುತ್ತ ಕುಸಿಯುತ್ತಿತ್ತು. ಇಷ್ಟು ವರ್ಷಗಳ ನಂತರ ಅದೇ ಶಬ್ದವನ್ನು ತೆಂಗಿನಗುಂಡಿಯ ನಮ್ಮ ಅಂಗಳದಲ್ಲಿ, ನಮ್ಮದೇ ಕಾರಿನ ಹಿಂಭಾಗದಿಂದ ಕೇಳಿದೆ.

ಅದೊಂದು ಶನಿವಾರ ಬೆಳಿಗ್ಗೆ. ಕಸ ಗುಡಿಸಲು ಹೊರಗೆ ಬಂದವಳು ಹಿಡಿಸೂಡಿ ಕೈಯಲ್ಲೇ ಹಿಡಿದು ನಿಂತೆ. ಕಾರು ನಾಯಿ ಕೂತ ಹಾಗೆ ಕೂತಿತ್ತು. ಮೂತಿ ಮೇಲೆ, ಹಿಂಭಾಗ ನೆಲಕ್ಕೆ. ಹಿಂದಿನ ಚಕ್ರಗಳ ಅರ್ಧ ಭಾಗ ಮಡ್‌ಗಾರ್ಡಿನ ಒಳಗೆ ಹೋಗಿಬಿಟ್ಟಿತ್ತು.

“ರೀ, ಎಂತ ಆತು ಇದಕ್ಕೆ? ಪಂಚರ್ರಾ?”

ಯಜಮಾನರು ಲುಂಗಿ ಎತ್ತಿ ಕಟ್ಟಿಕೊಂಡು ಬಂದು ಟೈರುಗಳನ್ನು ಒದ್ದು ನೋಡಿದರು. “ಟೈರಿನಾಗೆ ಗಾಳಿ ಗಚ್ಚಾಗಿ ಅದೆ ಮಾರಾಯ್ತಿ,” ಎಂದರು. ಕೀಲಿ ತಿರುಗಿಸಿದರು. ಗುರ್ರ್ ಎಂದು ಗಾಡಿ ನಿಧಾನಕ್ಕೆ ಎದ್ದು ನಿಂತಿತು. ನಾವಿಬ್ಬರೂ ನಕ್ಕೆವು. ಚಹಾ ಕುಡಿದು ಬಂದು ನೋಡಿದರೆ ಮತ್ತೆ ಕೂತಿದೆ.

ಈ ಗಾಡಿಯ ವಿಷಯ ಸ್ವಲ್ಪ ಹೇಳಬೇಕು. ಯಜಮಾನರದು ಜೀವನವಿಡೀ ದೋಣಿಯ ಕೆಲಸ. ಮೊಣಕಾಲು ಸೋತ ಮೇಲೆ ದೋಣಿ ಮಾರಿ, ಆ ದುಡ್ಡಿನಲ್ಲಿ ಭಟ್ಕಳಕ್ಕೆ ದುಬೈನಿಂದ ಮರಳಿದವರೊಬ್ಬರ ಸೆಕೆಂಡ್ ಹ್ಯಾಂಡ್ ದೊಡ್ಡ ಕಾರು ತಂದರು. ಬೇರೆ ಗಾಡಿಗಳಿಗೆ ಹಿಂದೆ ಕಬ್ಬಿಣದ ಸ್ಪ್ರಿಂಗ್ ಇದ್ದರೆ ಇದಕ್ಕೆ ಎರಡು ರಬ್ಬರಿನ ಗಾಳಿ ಚೀಲ. ಒಂದು ಸಣ್ಣ ಕಂಪ್ರೆಸರ್ ಅವಕ್ಕೆ ಗಾಳಿ ಊದುತ್ತದೆ. ರಿಯರ್ ಏರ್ ಸಸ್ಪೆನ್ಷನ್ ಎಂದು ಇಂಗ್ಲಿಷಿನ ಪುಸ್ತಕ ಓದಿ ಅವರಿಗೆ ತಿಳಿಸಿದವಳು ನಾನೇ. ಓದಲು ಬಂತೇ ಹೊರತು ಅರ್ಥವಾಯಿತು ಎಂದು ಹೇಳಲಾರೆ. ಹೊಂಡ ಹಾರಿದರೂ ಹೊಟ್ಟೆಯ ನೀರು ಅಲುಗುತ್ತಿರಲಿಲ್ಲ, ಅದೊಂದು ಗೊತ್ತಿತ್ತು.

ಆ ಮೆತ್ತಗಿನ ಓಟವೇ ಮರುದಿನಕ್ಕೆ ನಮಗೆ ಬೇಕಾಗಿದ್ದದ್ದು. ಕುಮಟೆಯಲ್ಲಿ ನನ್ನ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಬೆನ್ನುಮೂಳೆಯಲ್ಲಿ ಬಿರುಕು ಬಿಟ್ಟುಕೊಂಡಿದ್ದಳು. ಸೋಮವಾರ ಮಂಗಳೂರಿನಲ್ಲಿ ಅಡ್ಮಿಟ್, ಆಮೇಲೆ ಆಪರೇಷನ್. ಅದಕ್ಕೆ ಮೊದಲು ಒಂದು ಹೊತ್ತು ತವರಿನ ಜಗಲಿಯಲ್ಲಿ ಕೂರಬೇಕು ಎಂಬುದು ಅವಳ ಹಟ. ನಮಗೆ ಅಣ್ಣತಮ್ಮಂದಿರಿಲ್ಲ. ಅಪ್ಪನ ಮನೆಯಲ್ಲಿ ಈಗ ಇರುವವರು ನಾನು, ಯಜಮಾನರು. ಕುಲುಕದ ಗಾಡಿಯಾದರೆ ಹೋಗಿ ಬನ್ನಿ ಎಂದು ಡಾಕ್ಟರು ಹೇಳಿದ್ದರು, ಅವಳ ಬಾಯಿ ಮುಚ್ಚಿಸಲು ಹೇಳಿದರೋ ಏನೋ. ಭಾನುವಾರ ಬೆಳಿಗ್ಗೆ ನಾವು ಕರೆದುಕೊಂಡು ಬರುವುದು ಎಂದು ಠರಾವಾಗಿತ್ತು.

ನಾನು ಅವಳಿಗೆ ಫೋನ್ ಮಾಡಿ, ಗಾಡಿ ಕೈಕೊಟ್ಟಿದೆ, ಆಂಬ್ಯುಲೆನ್ಸ್ ಮಾಡೋಣವೇ ಎಂದು ಕೇಳಿದೆ.

“ಆಂಬ್ಯುಲೆನ್ಸಿನಾಗೆ ತವರಿಗೆ ಬರೂದಾ? ಹೆಣ ಬಂತು ಅಂತ ಊರವ್ರು ಹೂಮಾಲೆ ಹಿಡ್ಕಂಡು ಬರ್ತಾರೆ. ನಿನ್ನ ಗಂಡನ ಗಾಳಿ ಗಾಡಿ ಬಂದ್ರೆ ಬರ್ತೆ, ಇಲ್ಲಾಂದ್ರೆ ಇಲ್ಲ. ನೀ ಇಂಗ್ಲಿಷ್ ಕಲ್ತವಳಲ್ಲ ತಂಗೀ, ಗಾಡಿ ಹತ್ರ ಇಂಗ್ಲಿಷಿನಾಗೆ ಮಾತಾಡಿ ನೋಡು.”

ಅವಳು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಕಾನ್ವೆಂಟಿಗೆ ಹೋದವಳು ನಾನೊಬ್ಬಳೇ. ಆ ಚುಚ್ಚುಮಾತು ನಮ್ಮಿಬ್ಬರ ನಡುವೆ ಅರವತ್ತು ವರ್ಷಗಳಿಂದ ಓಡಾಡಿಕೊಂಡಿತ್ತು.

ಸರ್ವಿಸ್ ಸೆಂಟರಿನವರು, ಗಾಡಿಯನ್ನು ಟ್ರಕ್ಕಿನ ಮೇಲೆ ಹಾಕಿಕೊಂಡು ಬನ್ನಿ, ಮುಂದಿನ ವಾರ ನೋಡೋಣ ಎಂದರು. ಯಜಮಾನರು ಫೋನ್ ಇಟ್ಟು, “ದೋಣಿ ತಳ ಒಡೆದ್ರೆ ನಾವೇ ನೋಡ್ಕಂಡಿಲ್ವಾ?” ಎಂದವರೇ ಕೊಟ್ಟಿಗೆಯಿಂದ ಮರದ ದಿಮ್ಮಿಗಳನ್ನು ಎಳೆದು ತಂದರು. ಮಳೆಗಾಲದಲ್ಲಿ ದೋಣಿಯನ್ನು ದಡಕ್ಕೆ ಹತ್ತಿಸಿದಾಗ ಆನಿಸಿಡುವ ದಿಮ್ಮಿಗಳವು. ಜ್ಯಾಕ್ ಕೊಟ್ಟು ಎತ್ತಿ, ದಿಮ್ಮಿಗಳ ಮೇಲೆ ಗಾಡಿಯನ್ನು ಭದ್ರವಾಗಿ ಕೂರಿಸಿ, ತಾವು ಗೋಣಿ ಹಾಸಿಕೊಂಡು ಅಡಿಗೆ ಹೋದರು. ಹೊರಗೆ ಟಾರ್ಚ್ ಹಿಡಿದು ಕೂತವಳು ನಾನು.

ಮೊದಲು ಫ್ಯೂಸ್ ನೋಡಿದೆವು. ಸರಿಯಿತ್ತು. ಕಂಪ್ರೆಸರ್ ಓಡುತ್ತಿತ್ತು. ಗಾಳಿ ಹೋಗುತ್ತದೆ, ಆದರೆ ನಿಲ್ಲುವುದಿಲ್ಲ. ನನಗೆ ಹಾರ್ಮೋನಿಯಂನದೇ ಧ್ಯಾನ. “ಚೀಲ ಹರಿದಿದೆ, ಬರೆದು ಕೊಡ್ತೇನೆ,” ಎಂದೆ. ಅವರು ಚೀಲಗಳನ್ನು ಬೆರಳಿನಿಂದ ಸವರಿ ಸವರಿ ನೋಡಿ, “ಕೂದಲೆಳೆಯಷ್ಟೂ ಬಿರುಕಿಲ್ಲ,” ಎಂದರು. ಹಾಗಾದರೆ ಬಲಗಡೆಗಿಂತ ಎಡಗಡೆ ಬೇಗ ಕೂರುವುದೇಕೆ? ಡ್ಯಾಶ್‌ಬೋರ್ಡಿನ ಹಳದಿ ದೀಪ ಒಮ್ಮೆ ಹತ್ತಿ ಒಮ್ಮೆ ಆರುವುದೇಕೆ? ಕೇಳಿದ್ದಕ್ಕೆಲ್ಲ ಅಡಿಯಿಂದ “ನಂಗೆಂತ ಗೊತ್ತು!” ಎಂಬ ಒಂದೇ ಉತ್ತರ. ಪುಸ್ತಕದಲ್ಲಿ ವಾಲ್ವ್ ಬ್ಲಾಕ್ ಎಂದಿತ್ತು, ಹೈಟ್ ಸೆನ್ಸರ್ ಎಂದಿತ್ತು. ಓದುತ್ತ ಹೋದಷ್ಟೂ ನನ್ನ ತಲೆ ಕೆಟ್ಟ ರೇಡಿಯೋದಂತಾಯಿತು.

ಅಷ್ಟರಲ್ಲಿ ಪಕ್ಕದ ಮನೆಯ ಬೆಕ್ಕು ಬಂದು ಅವರ ಕಾಲ ಬಳಿ ಕೂತು ಗಾಡಿಯ ಅಡಿಯನ್ನೇ ನೋಡತೊಡಗಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಕಳೆದ ಕೆಲವು ವಾರಗಳಿಂದ ಬೆಕ್ಕುಗಳು ಗಾಡಿಯ ಅಡಿಯಲ್ಲೇ ಬಿದ್ದಿರುತ್ತಿದ್ದವು. ನೆರಳಿಗೆ ಬರುತ್ತವೆ ಎಂದುಕೊಂಡಿದ್ದೆ. ಈಗ ಒಂದು ಬೆಕ್ಕು ಕಬ್ಬಿಣವನ್ನು ನೆಕ್ಕುತ್ತಿತ್ತು.

“ಇದೆಂತ ವಾಸನೆ ರೀ?”

ಅಡಿಯಲ್ಲಿ ಗೋಣಿ ಸರಿದ ಸದ್ದಾಯಿತು.

“ರೀ, ಕೇಳಿದ್ದು.”

“ಮೀನೆಣ್ಣೆ,” ಎಂದರು ಮೆಲ್ಲಗೆ. “ಮಳೆಗಾಲಕ್ಕೆ ಮುಂಚೆ ಬಳಿದಿದ್ದೆ.”

ನಮ್ಮಲ್ಲಿ ಮರದ ದೋಣಿಗೆ ತಾರ್ಲೆ ಮೀನಿನ ಎಣ್ಣೆ ಬಳಿಯುತ್ತಾರೆ. ಉಪ್ಪುನೀರು ಹಲಗೆಯನ್ನು ತಿನ್ನಬಾರದೆಂದು ನನ್ನ ಅಪ್ಪನೂ ಬಳಿಯುತ್ತಿದ್ದ. ಇವರು ನಲವತ್ತು ವರ್ಷ ಬಳಿದವರು. ದೋಣಿ ಮಾರಿದ ಮೇಲೆ ಕೈ ಸುಮ್ಮನಿರದೆ, ಕಡಲ ಗಾಳಿಗೆ ತುಕ್ಕು ಹಿಡಿಯುತ್ತದೆಂದು ಲಕ್ಷಗಟ್ಟಲೆಯ ಕಾರಿನ ಅಡಿಗೆ, ಚೀಲ ಪೈಪು ಎಂದು ನೋಡದೆ, ತೆಂಗಿನ ಸಿಪ್ಪೆಯಿಂದ ಮೀನೆಣ್ಣೆ ತಿಕ್ಕಿದ್ದರು!

“ದೋಣಿಗೆ ಆಗೂದು ಇದಕ್ಕೆ ಎಂತಕ್ಕೆ ಆಗೂದಿಲ್ಲ?” ಎಂದು ನನ್ನನ್ನೇ ಗದರಿದರು. ಆಮೇಲೆ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಬೆಕ್ಕು ಬರುವ ವಾಸನೆಗೆ ಹೆಗ್ಗಣ ಬಾರದೆ ಇರುತ್ತದೆಯೇ?

ಇಸ್ತ್ರಿಗೆ ನೀರು ಚಿಮುಕಿಸುವ ನನ್ನ ಸ್ಪ್ರೇ ಬಾಟಲಿಗೆ ಪಾತ್ರೆ ತೊಳೆಯುವ ಸೋಪು ಕಲಸಿ ಕೊಟ್ಟೆ. ಸೈಕಲ್ ಟ್ಯೂಬನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ನೋಡುವುದಿಲ್ಲವೇ, ಅದೇ ಉಪಾಯ. ಚೀಲಗಳ ಮೇಲೆ ಚಿಮುಕಿಸಿದರು, ಏನೂ ಇಲ್ಲ. ಕಂಪ್ರೆಸರ್ ಹತ್ತಿರ, ಏನೂ ಇಲ್ಲ. ಎಡ ಚಕ್ರದ ಮೇಲೆ ಹಾದುಹೋಗುವ ಕಡ್ಡಿ ದಪ್ಪದ ಕಪ್ಪು ಪೈಪಿನ ಮೇಲೆ ಮಾತ್ರ ಗುಳ್ಳೆ ಎದ್ದಿತು. ಒಡೆಯಿತು, ಮತ್ತೆ ಎದ್ದಿತು. ಎಣ್ಣೆ ಒರೆಸಿದರೆ ಅಲ್ಲಿ ಹಲ್ಲಿನ ಗುರುತು.

ಅವರು ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಬಿಗಿದರು. ಗಾಡಿ ಎದ್ದಿತು, ಊಟ ಮುಗಿಸುವಷ್ಟರಲ್ಲಿ ಕೂತಿತು. ಅಂಟು ಹಾಕಿದರು. ಎಣ್ಣೆ ಕುಡಿದ ಪೈಪಿಗೆ ಅಂಟು ಹಿಡಿಯಲಿಲ್ಲ. ಕೊನೆಗೆ ಆಟೋ ಹತ್ತಿ ಭಟ್ಕಳಕ್ಕೆ ಹೋಗಿ, ಹೈವೇ ಪಕ್ಕದ ಲಾರಿ ಗ್ಯಾರೇಜಿನಿಂದ ಗಾಳಿ ಬ್ರೇಕಿನ ಪೈಪುಗಳನ್ನು ಕೂಡಿಸುವ ಹಿತ್ತಾಳೆಯ ಜಾಯಿಂಟ್ ತಂದರು. ಕಚ್ಚಿದ ತುಂಡನ್ನು ಕತ್ತರಿಸಿ ತೆಗೆದು, ಎರಡು ತುದಿಗಳನ್ನು ಅದರೊಳಗೆ ಒತ್ತಿದರು. ಗುರ್ರ್ ಎಂದಿತು. ನಾವು ಸ್ಸ್‌ಗಾಗಿ ಕಿವಿಗೊಟ್ಟು ಕೂತೆವು. ಬರಲಿಲ್ಲ, ಅಥವಾ ಕಡಲಿನ ಮೊರೆತದಲ್ಲಿ ನನಗೆ ಕೇಳಲಿಲ್ಲ.

ಚಕ್ರದ ಮೇಲಿನ ಸಂದಿಗೆ ಕೈಯಿಟ್ಟು ಅಳೆದರು. ನಾಲ್ಕು ಬೆರಳು. ಭಾನುವಾರ ಬೆಳಿಗ್ಗೆ ಎದ್ದವರೇ ಮತ್ತೆ ಬೆರಳು ತೂರಿಸಿ, “ನಾಲ್ಕು! ನಡಿ,” ಎಂದರು. ನಾನು ತೂರಿಸಿದರೆ ಐದು ಬೆರಳಿಗೂ ಜಾಗವಿತ್ತು. ನನ್ನ ಕೈ ಸಣ್ಣದು. ಅದು ಏರಿತ್ತೋ ಇಳಿದಿತ್ತೋ ಎಂಬ ಗೊಂದಲದಲ್ಲೇ ಹತ್ತಿ ಕೂತೆ.

ಅಕ್ಕನನ್ನು ಹಿಂದಿನ ಸೀಟಿನಲ್ಲಿ ದಿಂಬುಗಳ ನಡುವೆ ಕೂರಿಸಿ ಕುಮಟೆಯಿಂದ ಹೊರಟೆವು. ಎಣ್ಣೆಯ ಕತೆ ಕೇಳಿ ಅವಳು ನಗಲೂ ಆಗದೆ ಬೆನ್ನು ಹಿಡಿದುಕೊಂಡಳು. “ಭಾವ, ಮೀನೆಣ್ಣೆ ಆತು, ಮಸಾಲೆ ಅರೆದು ಹಚ್ಚೂದು ಎಂತಕ್ಕೆ ಬಾಕಿ ಇಟ್ರಿ?”

“ಅಕ್ಕೋರೆ, ಸುಮ್ಮನೆ ಕೂತ್ಕಣಿ. ನಿಮ್ಮ ಸಲುವಾಗಿ ನಿನ್ನೆ ಇಡೀ ದಿವಸ ಗಾಡಿ ಅಡಿಗೇ ಬಿದ್ದಿದ್ದೆ.”

ಹೊನ್ನಾವರದ ಸೇತುವೆಯ ಮೇಲೆ, ಜೋಡಣೆಗಳು ಟಕ್ ಟಕ್ ಎನ್ನುವಲ್ಲಿ, ಅವಳು ನನ್ನ ಕೈ ಹಿಡಿದಳು. “ನೋವಾ?” ಎಂದೆ. “ಇಲ್ಲ. ನೋವಾಗಬಹುದು ಅಂತ ಹಿಡ್ದದ್ದು,” ಎಂದಳು. ಮಂಕಿ ದಾಟುವಾಗ ಹಳದಿ ದೀಪ ಹತ್ತಿತು. ಗಾಡಿ ನಿಲ್ಲಿಸಿ ನೋಡಿದರೆ ಹಿಂಭಾಗ ಇಳಿದಿರಲಿಲ್ಲ. ಮತ್ತೆ ಹೊರಟಾಗ ದೀಪ ತಾನಾಗಿ ಆರಿತು. ಏಕೆ ಹತ್ತಿತೋ ಇವತ್ತಿಗೂ ತಿಳಿಯದು.

ಜಗಲಿಯಲ್ಲಿ ಕಡಲಿಗೆ ಮುಖ ಮಾಡಿ ಕೂತು ಗಂಜಿ, ಒಣಮೀನಿನ ಚಟ್ನಿ ಉಂಡಳು. ಅಪ್ಪನ ದೋಣಿ ಕೊಟ್ಟಿಗೆಯ ವಾಸನೆ ಬರುತ್ತಿದೆ ಎಂದಳು. ಅದು ಕಾರಿನದು ಎಂದು ನಾನು ಹೇಳಲಿಲ್ಲ.

ಸಂಜೆ ವಾಪಸ್ ಕುಮಟೆಗೆ ಬಿಟ್ಟೆವು. ಮರುದಿನ ಅವಳನ್ನು ಮಂಗಳೂರಿಗೆ ಒಯ್ದರು. ಆಪರೇಷನ್ ಆದ ಮೇಲೆ ಐಸಿಯುನಿಂದ ಅವಳು ಹೊರಗೆ ಬರಲಿಲ್ಲ, ನನ್ನನ್ನು ಒಳಗೆ ಬಿಡಲಿಲ್ಲ. ಆಮೇಲೆ ಮನೆಗೆ ತಂದಾಗ ನೋಡಿದ್ದನ್ನು ನಾನು ನೋಡಿದ್ದು ಎಂದು ಹಿಡಿಯುವುದಿಲ್ಲ.

ನಾನು ಅವಳನ್ನು ಕೊನೆಯ ಸಲ ನೋಡಿದ್ದು ಆ ಭಾನುವಾರ ಸಂಜೆ, ಅವಳ ಮನೆಯ ಗೇಟಿನಲ್ಲಿ. ವಾಕರ್ ಹಿಡಿದು, ಮಗಳ ತೋಳಿಗೆ ಆತು ನಿಂತಿದ್ದಳು. ಯಜಮಾನರು ಗಾಡಿ ತಿರುಗಿಸಿದರು. ನಾನು ಕಿಟಕಿಯಿಂದ ಕೈ ಬೀಸಿದೆ. ಅವಳು ನನ್ನ ಕಡೆ ನೋಡುತ್ತಲೇ ಇರಲಿಲ್ಲ. ನಮ್ಮ ಹಿಂದಿನ ಎಡ ಚಕ್ರವನ್ನು, ಅಪ್ಪ ದೋಣಿಯ ತಳ ನೋಡುತ್ತಿದ್ದ ಹಾಗೆ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು.

“ಇಳೀಲಿಲ್ಲ ಭಾವ! ಹೋಗಿ, ಹೋಗಿ!” ಎಂದು ಕೂಗಿದಳು.