ಆ ಕಡೆಯ ಹಾಸ್ಟೆಲ್

ಪ್ರಚಾರದ ಜೀಪು ನಮ್ಮ ಓಣಿಯಲ್ಲಿ ನಿಂತಾಗ, ಜನರ ಮಧ್ಯದಿಂದ ನಾನು ಕೈ ಎತ್ತಿಬಿಟ್ಟೆ.

ಮದುವೆ ಮನೆಯಲ್ಲಿ ಎರಡನೇ ಸಲ ಅನ್ನ ಕೇಳಲೂ ನಾಚುವವಳು ನಾನು. ಆದರೆ ಅವತ್ತು ಕೇಳಲೇಬೇಕಿತ್ತು. ಪಕ್ಕದಲ್ಲಿ ಅಕ್ಕ ನಿಂತಿದ್ದಳು. ಅವಳ ಮಗಳು ಸುಜಾತಾಳ ಓದು ಆ ಒಂದು ಉತ್ತರದ ಮೇಲಿತ್ತು.

ಮೊದಲಿಂದ ಹೇಳುತ್ತೇನೆ.

ನಮ್ಮೂರು ಗಡಿಯ ಆಂಧ್ರದ ಕಡೆ ಇದೆ, ಇಲ್ಲಿನ ಕನ್ನಡ ಶಾಲೆ ಐದನೇ ಕ್ಲಾಸಿಗೆ ಮುಗಿಯುತ್ತದೆ. ನಾನೂ ಅಲ್ಲಿಗೇ ಮುಗಿಸಿದವಳು. ಆರನೇ ಕ್ಲಾಸಿಗೆ ಪಕ್ಕದೂರಿಗೆ ಹೋದರೆ ಎಲ್ಲ ತೆಲುಗು, ಇಂಗ್ಲಿಷ್. ತೆಲುಗು ಮಾತಾಡಲು ನಮಗೇನೂ ಕಷ್ಟವಿಲ್ಲ, ಸಂತೆಯಲ್ಲಿ ಜಗಳವನ್ನೂ ಆಡುತ್ತೇವೆ. ಆದರೆ ಸಮಾಜ, ವಿಜ್ಞಾನ ಎಲ್ಲ ಅದರಲ್ಲೇ ಓದಿ ಬರೆಯುವುದು ಬೇರೆ.

ಈ ವರ್ಷ ಸುಜಾತಾ ಐದು ಮುಗಿಸಿದಳು.

ಹೆಣ್ಣುಮಕ್ಕಳ ಸರ್ಕಾರಿ ಹಾಸ್ಟೆಲ್ ಶಾಲೆಗೆ ಅರ್ಜಿ ಹಾಕೋಣ, ತೆಲುಗಾದರೂ ಆಗಲಿ ಎಂದು ಅಕ್ಕ ಮನಸ್ಸು ಮಾಡಿದ್ದಳು. ಒಬ್ಬಳೇ ದಿನಾ ಪಕ್ಕದೂರಿಗೆ ಓಡಾಡುವುದು ಬೇಡ, ಹಾಸ್ಟೆಲ್ ಆಗದಿದ್ದರೆ ಜೀನ್ಸ್ ಹೊಲಿಯುವ ಶೆಡ್ಡಿಗೆ ಕಳಿಸು ಎಂದು ಅಕ್ಕನ ಗಂಡ ಹೇಳಿಯಾಗಿತ್ತು.

ರಾಯದುರ್ಗದ ಆ ಶೆಡ್ಡಿನಲ್ಲೇ ನನ್ನ ಕೆಲಸ. ಹೊಲಿದ ಪ್ಯಾಂಟುಗಳಲ್ಲಿ ಉಳಿದ ದಾರ ಕತ್ತರಿಸುವುದು. ಎಲೆಕ್ಷನ್ ಹತ್ತಿರ ಬಂದಂತೆ ಊಟದ ಹೊತ್ತಿನಲ್ಲಿ ಪಾರ್ಟಿಗಳ ಪಾಂಪ್ಲೆಟ್ ಹರಡಿಕೊಂಡು ಕೂರುತ್ತಿದ್ದೆವು. ಎಲ್ಲವೂ ತೆಲುಗಿನಲ್ಲಿ. ನಾನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದೆ.

ಒಂದು ಪಾರ್ಟಿ ತಾಯಂದಿರ ಖಾತೆಗೆ ದುಡ್ಡು ಅಂದಿತ್ತು. ಇನ್ನೊಂದು ಎಲ್ಲ ಕಡೆ ಇಂಗ್ಲಿಷ್ ಮೀಡಿಯಂ ಅಂದಿತ್ತು. ಬ್ಯಾಗು, ಬೂಟು, ಟ್ಯಾಬ್...

ನಮ್ಮ ಜೊತೆ ದಾರ ಕತ್ತರಿಸುವ ಹುಲಿಗೆಮ್ಮಕ್ಕ ಎಲ್ಲ ಕೇಳಿ, "ಒಬ್ಬಾಂವ ಬ್ಯಾಗ್ ಕೊಡ್ತಾನ, ಒಬ್ಬಾಂವ ಬೂಟ್ ಕೊಡ್ತಾನ. ಹಾಕ್ಕೊಂಡು ಎಲ್ಲಿಗೆ ಹೋಗ್ಬೇಕಂತ ಯಾವನೂ ಹೇಳವಲ್ಲ" ಅಂದಳು. ಎಲ್ಲರೂ ನಕ್ಕರು.

ಕನ್ನಡ ಶಾಲೆ ಅನ್ನುವ ಒಂದು ಮಾತು ಎಲ್ಲೂ ಸಿಗಲಿಲ್ಲ.

ಆಗ ನಮ್ಮ ಮನೆಯ ವಾಟ್ಸಪ್ ಗ್ರೂಪಿನಲ್ಲಿ ಒಂದು ಪಿಡಿಎಫ್ ಬಂತು. ಬಳ್ಳಾರಿಯಲ್ಲಿರುವ ದೊಡ್ಡಪ್ಪನ ಮಗ ಹಾಕಿದ್ದ. ಅದೇ ಪಾರ್ಟಿಗಳಲ್ಲಿ ಒಂದರದ್ದು. ಅದೇ ಗುರುತು, ಅದೇ ಬಣ್ಣ. ಮತ್ತೆ... ಪೂರ್ತಿ ಕನ್ನಡದಲ್ಲಿ!

ಗಡಿ ಭಾಗದ ಕನ್ನಡ ಶಾಲೆಗಳನ್ನು ಹತ್ತನೇ ಕ್ಲಾಸಿನವರೆಗೆ ಬೆಳೆಸುತ್ತೇವೆ. ಹೆಣ್ಣುಮಕ್ಕಳಿಗೆ ಹೋಬಳಿಗೊಂದು ಹಾಸ್ಟೆಲ್ ಕಟ್ಟುತ್ತೇವೆ. ಹಾಗೆ ಬರೆದಿತ್ತು.

ನಾವು ಗಡಿಯವರೇ ತಾನೆ? ಕಡೆಗೂ ಯಾರೋ ನಮ್ಮನ್ನು ನೆನೆಸಿದ್ದಾರೆ ಅಂದುಕೊಂಡೆ. ಶೆಡ್ಡಿನಲ್ಲಿ ಎದ್ದು ನಿಂತು ಗಟ್ಟಿಯಾಗಿ ಓದಿದೆ. ಅಲ್ಲಿ ನಾನು ಗಟ್ಟಿಯಾಗಿ ಏನಾದರೂ ಓದಿದ್ದು ಅದೇ ಮೊದಲು. ಸಂಜೆ ಅಕ್ಕನಿಗೂ ಓದಿ ಹೇಳಿದೆ.

"ಹಂಗಾರ ಆ ತೆಲುಗು ಹಾಸ್ಟೆಲ್ ಬ್ಯಾಡ ಅಂತೀಯೇನು?" ಅಂದಳು ಅಕ್ಕ.

"ಬ್ಯಾಡಕ್ಕ. ಇವ್ರು ಬಂದ್ರ ಕನ್ನಡದಾಗ ಓದ್ತಾಳ" ಅಂದೆ.

ಅರ್ಜಿ ಹಾಕುವ ಕೊನೆಯ ದಿನ ಸುಮ್ಮನೆ ಕಳೆದುಹೋಯಿತು. ನಾವೇ ಕಳೆದೆವು.

ಅದೇ ಪಾರ್ಟಿಯ ಜೀಪು ಬಂದದ್ದು ಅದಾದ ಮೇಲೆ. ಮೈಕಿನಲ್ಲಿ ಕನ್ನಡದ ಹಾಡು, ಕನ್ನಡದ ಭಾಷಣ. ಲೀಡರ್ ಇಳಿದು ಒಬ್ಬೊಬ್ಬರಿಗೂ ಕೈ ಮುಗಿದು, "ಯಕ್ಕಾ ಆರಾಮಿದೀರೇನ್ರಿ?" ಎಂದು ನಮ್ಮ ಮನೆಯವರ ಹಾಗೇ ಕೇಳಿದರು.

ನಾನು ಫೋನ್ ತೋರಿಸಿ ಕೇಳಿದೆ, ಈ ಹಾಸ್ಟೆಲ್ ನಮ್ಮ ಹತ್ತಿರ ಎಲ್ಲಿ ಬರುತ್ತದೆ ಅಂತ.

ಅವರು ಫೋನ್ ಇಸಿದುಕೊಂಡು ನೋಡಿದರು. ಬೆರಳಿನಿಂದ ಮೇಲೆ ಕೆಳಗೆ ಸರಿಸಿದರು. ಆಮೇಲೆ ನಕ್ಕರು. ಕೆಟ್ಟದಾಗಿ ಅಲ್ಲ, ಚಿಕ್ಕ ಮಗುವನ್ನು ನೋಡಿ ನಗುವ ಹಾಗೆ.

"ತಂಗೆಮ್ಮಾ, ಇದು ಕರ್ನಾಟಕದ್ದವ್ವಾ! ಅವ್ರ ಹಳೇ ಎಲೆಕ್ಷನ್‌ದು. ಪಾರ್ಟಿ ಒಂದ, ರಾಜ್ಯ ಬ್ಯಾರೆ."

ಹೋಬಳಿ ಅನ್ನುವ ಮಾತು ನಮ್ಮಲ್ಲಿಲ್ಲ, ನಾವು ಮಂಡಲ ಅನ್ನುತ್ತೇವೆ. ಅದನ್ನು ಎಷ್ಟು ಸಲ ಓದಿದ್ದೆನೋ, ಒಮ್ಮೆಯೂ ತಡೆದು ಯೋಚಿಸಲಿಲ್ಲ. ಕನ್ನಡದಲ್ಲಿದೆ ಅಂದಮೇಲೆ ನಮಗೇ ಬರೆದದ್ದು ಅಂದುಕೊಂಡಿದ್ದೆ.

"ಹಂಗಾರ ನಿಮ್ದ್ರಾಗ ಕನ್ನಡ ಸಾಲಿದು ಏನೈತ್ರಿ?" ಫೋನ್ ವಾಪಸ್ ತೆಗೆದುಕೊಳ್ಳುತ್ತಾ ಕೇಳಿದೆ.

"ಇಂಗ್ಲಿಷ್ ಮೀಡಿಯಂ ಕೊಡ್ತೀವಲ್ಲವ್ವಾ. ಕನ್ನಡ ಮನ್ಯಾಗ ಮಾತಾಡ್ತೀರಲ್ಲ, ಸಾಲ್ಯಾಗ ಯಾಕ?" ಎಂದು ಕೈ ಮುಗಿದು ಮುಂದಿನ ಮನೆಗೆ ಹೋದರು. ಮೈಕಿನಲ್ಲಿ ಕನ್ನಡದ ಹಾಡು ಮತ್ತೆ ಶುರುವಾಯಿತು.

ಓಣಿಯವರು ನಗುತ್ತಿದ್ದರು. ಮಾರನೇ ದಿನ ಶೆಡ್ಡಿನಲ್ಲಿ ಹುಲಿಗೆಮ್ಮಕ್ಕ, "ತಲಿ ಕೆಡಿಸ್ಕೋಬ್ಯಾಡ ಬಿಡು ಬೇ. ಈ ಸಲ ಆ ಕಡೀಗೇ ಹೋಗಿ ಓಟು ಒತ್ತಿ ಬರೂಣು" ಅಂದಳು. ನನ್ನನ್ನು ಸಮಾಧಾನ ಮಾಡಲು ಅಂದದ್ದು. ನನಗೆ ನಗು ಬರಲಿಲ್ಲ.

ಅಕ್ಕ ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ರೊಟ್ಟಿ ಬಡಿಯುತ್ತಾ, "ಹೋಗ್ಲಿ ಬಿಡು. ಆ ಕಡೆ ಯಾರ್ದೋ ಹುಡುಗೀರಾದ್ರೂ ಓದ್ತಿರ್ತಾರಲ್ಲ" ಅಂದಳು.

ಆ ಮಾತು ತಡೆಯಲಾಗದೆ ಬಳ್ಳಾರಿಯ ಅಣ್ಣನಿಗೆ ಫೋನ್ ಮಾಡಿದೆ. ಆ ಹಾಸ್ಟೆಲ್ಲುಗಳಲ್ಲಿ ನಮ್ಮ ಹುಡುಗಿಗೆ ಜಾಗ ಸಿಗುತ್ತದಾ ಅಂತ.

"ಯಾವ ಹಾಸ್ಟೆಲ್?" ಅಂದ. ಪಿಡಿಎಫ್ ನೆನಪು ಮಾಡಿದೆ. "ಓ... ಅದಾ? ನಮ್ಮ ಕಡೆ ಒಂದೂ ಕಟ್ಟಿಲ್ಲ ಬಿಡವ್ವಾ. ಹಳೇದಂತ ಸುಮ್ನ ನಗಾಕ ಹಾಕಿದ್ದೆ."

ಅಕ್ಕನಿಗೆ ಇದನ್ನು ಇನ್ನೂ ಹೇಳಿಲ್ಲ. ಆ ಕಡೆ ಹುಡುಗಿಯರು ಓದುತ್ತಿದ್ದಾರೆ ಎಂದೇ ಅವಳು ತಿಳಿದಿದ್ದಾಳೆ.

ಸೋಮವಾರದಿಂದ ಸುಜಾತಾ ನನ್ನ ಜೊತೆ ಶೆಡ್ಡಿಗೆ ಬರಬೇಕಂತೆ. ಅವರಪ್ಪ ಮೇಸ್ತ್ರಿಯ ಹತ್ತಿರ ಮಾತಾಡಿಯಾಗಿದೆ.

ಇದನ್ನು ಓದುವ ಬಳ್ಳಾರಿ, ಮೊಳಕಾಲ್ಮೂರು ಕಡೆಯವರು ಯಾರಾದರೂ ಇದ್ದರೆ... ಆಂಧ್ರದ ಆಧಾರ್ ಕಾರ್ಡ್ ಇರುವ ಹುಡುಗಿಯನ್ನು ಆರನೇ ಕ್ಲಾಸಿಗೆ ಸೇರಿಸಿಕೊಂಡು, ಇರಲು ಜಾಗ ಕೊಡುವ ಕನ್ನಡ ಶಾಲೆ ನಿಜವಾಗಿ ಎಲ್ಲಾದರೂ ಇದೆಯಾ?