ಹೆದರಿದ ಜಾಗಕ್ಕೆ ಹಳದಿ ಚೀಟಿ

ಬೆನ್ನಿಗೆ ಅಂಟು ಸವರಿಕೊಂಡ ಹಳದಿ ಚೀಟಿಯನ್ನು ನಂಬಬಾರದು. ಐರೋಲಿಯ ಕಡಲ ಹಿನ್ನೀರಿನ ತೇವದ ಗಾಳಿ ಸೋಕಿದರೆ ಸಾಕು, ಎರಡೇ ದಿನಕ್ಕೆ ನನ್ನ ಫ್ರಿಜ್ಜಿನಿಂದ ಕಳಚಿ ಬಿದ್ದು, ತರಬೇಕಾದ ಹಾಲನ್ನು ಮರೆಸಿಬಿಡುತ್ತದೆ. ಇಂಥ ಕ್ಷುಲ್ಲಕ ಕಾಗದಕ್ಕೆ ನಾನು, ಅರವತ್ತೆರಡು ವರ್ಷದ ನಿವೃತ್ತ ಗುಮಾಸ್ತ, ಹೆದರುತ್ತೇನೆಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ.

ಮರಾಠಿ ಬಾರದ ನಮ್ಮ ಕನ್ನಡದ ಕೂಲಿಕಾರರನ್ನು ಸರಕಾರಿ ಆಸ್ಪತ್ರೆಗೆ ಕರೆದೊಯ್ದು, ಡಾಕ್ಟರ ಮಾತನ್ನು ಕನ್ನಡದಲ್ಲಿ ತಿಳಿಸುವುದು ನಮ್ಮ ಕನ್ನಡ ಸಂಘದ ಸೇವೆ. ಎಲ್ಲರೂ ಬಿಟ್ಟಿ ದುಡಿಯುವವರೇ. ಹೊಸಬರಿಗೆ ತರಬೇತಿ ಕೊಡುವ ಬಗೆಯನ್ನು ಠಾಣೆ, ಡೊಂಬಿವಲಿಯ ಸಂಘದವರೂ ಸೇರಿ ರೂಪಿಸೋಣವೆಂದು ವಾಶಿಯ ಶಾಲೆಯೊಂದರಲ್ಲಿ ಕೂಡಿದೆವು. ಸ್ವರಚಿತ ಮೂವತ್ತು ಪುಟಗಳ ಕೈಪಿಡಿಯನ್ನು ಕಂಕುಳಲ್ಲಿ ಅವುಚಿಕೊಂಡು, ದಿಬ್ಬಣ ಹೊರಟ ಮದುಮಗನ ಗತ್ತಿನಲ್ಲಿ ನಾನೂ ಹೋದೆ. ಆದರೆ ಸಭೆ ನಡೆಸಿಕೊಡಲು ಬಂದಿದ್ದ ಹುಡುಗಿ ಕೈಪಿಡಿಯನ್ನು ಮುಟ್ಟಲೇ ಇಲ್ಲ. ಸೇವೆ ಪಡೆದವರನ್ನೂ ಕರೆಸಿದ್ದಳು! ಸ್ಟೇಷನ್ನಿನಿಂದ ಡಾಕ್ಟರ ಮೇಜಿನವರೆಗಿನ ದಾರಿಯನ್ನು, ಜೊತೆಗೆ ಹೋಗುವ ನಮ್ಮ ಹೆಸರುಗಳ ಸಮೇತ, ಗೋಡೆಯ ಮೇಲೆ ಬರೆಸಿ, "ಎಲ್ಲೆಲ್ಲಿ ಹೆದರಿಕೆ ಆಯ್ತೋ ಅಲ್ಲಿ ಹಳದಿ ಚೀಟಿ ಅಂಟಿಸಿ" ಎಂದಳು.

ಕೋಪರಖೈರಣೆಯ ಮಹಾದೇವಮ್ಮ ಎದ್ದರು. ಕಲಬುರಗಿ ಕಡೆಯವರು, ವಾಶಿ ಮಾರ್ಕೆಟ್ಟಿನಲ್ಲಿ ಈರುಳ್ಳಿ ಆರಿಸುವ ಕೆಲಸ. ಕೊರಳಿನ ಗಂಟು ತೋರಿಸಲು ಅವರನ್ನು ಕರೆದೊಯ್ದವನು ನಾನೇ. ಗೋಡೆಯ ಮೇಲಿನ ರಿಕ್ಷಾ, ಸರತಿ, ಪರೀಕ್ಷೆಯ ಸೂಜಿ ಎಲ್ಲವನ್ನೂ ದಾಟಿ ಹೋಗಿ, ಅವರು ಚೀಟಿಯನ್ನು ನೇರವಾಗಿ ನನ್ನ ಹೆಸರಿನ ಮೇಲೆ ಅಂಟಿಸಿದರು.

"ಡಾಕ್ಟರ್ ಸಂಗಟ ಅಷ್ಟೊತ್ತು ಮಾತಾಡಿ ನಕ್ರಿ. ನನಗ 'ಏನಿಲ್ಲ, ಹೆದರಬೇಡಿ' ಅಂದ್ರಿ. ಅಷ್ಟು ಮಾತಿಗಿ ಇಷ್ಟೇ ಏನ್ರಿ? ಸಾಯ್ತೀನಿ, ಅದಕ್ಕೇ ಮುಚ್ಚಿಡ್ಲಾಕತ್ತಾರ ಅಂತ ಅಂಜಿ, ಮಗಳಿಗಿ ಸಾಲಿ ಬಿಡಿಸಿ ಅಕ್ಕನ ಊರಿಗಿ ಕಳಿಸೀನಿ. ರಿಪೋರ್ಟ್ ತರ್ಲಾಕ ಬರಂಗಿಲ್ಲ."

ಆ ದಿನ ನಾನೂ ಡಾಕ್ಟರೂ ಅಷ್ಟು ಹೊತ್ತು ಚರ್ಚಿಸಿದ್ದು ಬಂಗುಡೆ ಮೀನಿನ ಬಗ್ಗೆ. ಅವರು ರತ್ನಾಗಿರಿಯವರು, ನಾನು ಉಡುಪಿಯವ. ಮಸಾಲೆಯ ಪ್ರಶ್ನೆ ಇತ್ಯರ್ಥವಾಗಬೇಕಿತ್ತು. ನನ್ನ ನಿರರ್ಗಳ ಮರಾಠಿಯ ಪ್ರದರ್ಶನಕ್ಕೆ ಒಂದು ಮಗುವಿನ ಶಾಲೆ ತಪ್ಪಿತಲ್ಲ, ಛೇ! ಇದನ್ನು ಎಲ್ಲರೆದುರು ಒಪ್ಪಿಕೊಂಡೆ. ಯಾರೂ ನಗಲಿಲ್ಲ.

ಕೈಪಿಡಿ ಮೂಲೆ ಸೇರಿತು. ಡಾಕ್ಟರು ಒಂದು ಮಾತು ಆಡಿದರೆ ಆ ಕೂಡಲೇ ರೋಗಿಗೂ ಅದೇ ಮಾತು ಎಂಬುದು ತರಬೇತಿಯ ಮೊದಲ ಪಾಠವಾಯಿತು. ಕಲಿಸುವವರು ಮಹಾದೇವಮ್ಮ, ಮೊದಲ ವಿದ್ಯಾರ್ಥಿ ನಾನು. ಒಂದೂ ಮಾತು ನುಂಗುವುದಿಲ್ಲವೆಂದು ನನ್ನಿಂದ ಮಾತು ತೆಗೆದುಕೊಂಡ ಮೇಲೆಯೇ ಅವರು ರಿಪೋರ್ಟಿಗೆ ಬರಲು ಒಪ್ಪಿದ್ದು.

ಸೋಮವಾರ ಹೋದೆವು. ಡಾಕ್ಟರು ಈ ಸಲ ಮೀನಿನ ಸುದ್ದಿ ಎತ್ತಲಿಲ್ಲ. ರಿಪೋರ್ಟನ್ನು ಎರಡು ಬಾರಿ ಓದಿ, ದನಿ ತಗ್ಗಿಸಿದರು. 'ಏನಿಲ್ಲ, ಹೆದರಬೇಡಿ' ಎಂಬುದು ನಾಲಿಗೆಯ ತುದಿಯಲ್ಲೇ ಇತ್ತು. ಅದು ಅವರ ಹೆದರಿಕೆಗಲ್ಲ, ನನ್ನ ಹೆದರಿಕೆಗೆ ನಾನು ಹಚ್ಚಿಕೊಳ್ಳುತ್ತಿದ್ದ ಮುಲಾಮು ಎಂದು ಆಗ ತಿಳಿಯಿತು.

"ಗಂಟು ಒಳ್ಳೇದೋ ಕೆಟ್ಟದ್ದೋ ಈಗಲೇ ಹೇಳಲಿಕ್ಕೆ ಆಗುವುದಿಲ್ಲವಂತೆ, ಮಹಾದೇವಮ್ಮ. ಆಪರೇಷನ್ ಮಾಡಿ ತೆಗೆದು, ಮತ್ತೆ ಪರೀಕ್ಷೆ ಮಾಡಬೇಕಂತೆ. ಕೆಟ್ಟದ್ದೂ ಇರಬಹುದಂತೆ."

ಅವರು ನನ್ನ ಮುಖವನ್ನೇ ನೋಡಿದರು. "ಪೂರಾ ಹೇಳಿದ್ರೇನ್ರಿ?"

"ಪೂರಾ."

"ಹಂಗಾದ್ರ ಮಗಳಿಗಿ ವಾಪಸ್ ಕರಸ್ತೀನಿ. ಆಪರೇಷನ್ ದಿನ ನೀವೂ ಬರ್ರಿ."

ಆಪರೇಷನ್ ಬರುವ ಗುರುವಾರ. ನನ್ನ ಹೆಸರಿನ ಮೇಲಿದ್ದ ಆ ಹಳದಿ ಚೀಟಿಯನ್ನು ತಂದು ಫ್ರಿಜ್ಜಿಗೆ ಅಂಟಿಸಿದ್ದೆ. ಎಂದಿನಂತೆ ಎರಡೇ ದಿನಕ್ಕೆ ಬಿತ್ತು. ಈಗ ಅದನ್ನು ಕನ್ನಡಕದ ಡಬ್ಬಿಯಲ್ಲಿ ಮಡಚಿಟ್ಟುಕೊಂಡಿದ್ದೇನೆ, ಗುರುವಾರ ಮತ್ತೆ 'ಏನಿಲ್ಲ' ಎನ್ನುವ ಮುಂಚೆ ನೋಡಿಕೊಳ್ಳಲು ಬೇಕಾಗುತ್ತದೆ.